ಪೆಂಬಲ್ಲರ ಬೆಂಚು

ತಾನು ಸತ್ತುಹೋದ ಸುದ್ದಿಯನ್ನು ಕ್ಲಿಫರ್ಡ್ ಪೆಂಬಲ್ಲರು ಕೇಳಿದ್ದು ಫೋನಿನಲ್ಲಿ, ಬಾಯಲ್ಲಿ ಅರ್ಧ ಟೋಸ್ಟ್ ಇಟ್ಟುಕೊಂಡು. ಬಾಯಿ ಖಾಲಿ ಇದ್ದಿದ್ದರೆ ಯಾರೇ ಆಗಲಿ ತಕ್ಷಣ ಏನಾದರೊಂದು ತಕರಾರು ತೆಗೆಯುತ್ತಿದ್ದರು. ಆದರೆ ಬಾಯಿ ತುಂಬಿಕೊಂಡು ಹೆಂಗಸರ ಜೊತೆ ಮಾತಾಡಬಾರದು ಎಂದು ಪೆಂಬಲ್ಲರ ತಾಯಿ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರು. ಹಾಗಾಗಿ ಅವರು ಅಗಿಯತೊಡಗಿದರು. ಅಗಿದು ನುಂಗುವಷ್ಟರಲ್ಲಿ ಕೈಮೀರಿ ಹೋಗಿತ್ತು.

ಫೋನು ಮಾಡಿದವರು ಮಿಸ್ ಹೆಬ್ಡನ್. ಹಳೆಯ ಟೀವಿ ಹಾಸ್ಯ ಧಾರಾವಾಹಿಗಳ ಅಭಿಮಾನಿ ಸಂಘದ ಕಾರ್ಯದರ್ಶಿ. ಕ್ಲಿಫರ್ಡ್ ಪೆಂಬಲ್ ತೀರಿಕೊಂಡ ವಿಷಯ ಪೇಪರಿನಲ್ಲಿ ನೋಡಿ ತನಗೆ ಕೈಕಾಲೇ ಆಡಲಿಲ್ಲ ಎಂದರು. ‘ಊಟ-ವಸತಿ ಸೇರಿ’ ಧಾರಾವಾಹಿ ನೋಡುತ್ತಲೇ ತಾನು ಬೆಳೆದೆ ಎಂದರು. ಆಮೇಲೆ ಬಿಕ್ಕಿ ಬಿಕ್ಕಿ ಅಳತೊಡಗಿದರು.

ಈಗ ಟೋಸ್ಟ್ ಗಂಟಲಿನಿಂದ ಇಳಿದಿತ್ತು, ಪೆಂಬಲ್ಲರು ಮಾತಾಡಬಹುದಿತ್ತು. ಆದರೆ ಅಳುತ್ತಿರುವ ಹೆಂಗಸಿಗೆ ನೀವು ವೃಥಾ ಅಳುತ್ತಿದ್ದೀರಿ ಎಂದು ಹೇಳುವುದು ಹೇಗೆ? ಆಕೆಗೆ ಎಷ್ಟು ಮುಜುಗರವಾದೀತು? ನಮ್ಮ ಸ್ಕೆಲ್ಬಿ ಊರಿನಲ್ಲಿ ಕಾಲು ತುಳಿಸಿಕೊಂಡವನೇ ತುಳಿದವನ ಕ್ಷಮೆ ಕೇಳುತ್ತಾನೆ. ಕೊಲೆಗಿಂತ ದೊಡ್ಡ ಅಪರಾಧ ಎಂದರೆ ಇನ್ನೊಬ್ಬರಿಗೆ ಇರಿಸುಮುರಿಸು ಮಾಡುವುದು. ಪೆಂಬಲ್ಲರು “ತುಂಬಾ ಉಪಕಾರ ಆಯ್ತು” ಎಂದರು.

“ನೀವು ಅವರ ತಮ್ಮನಾ? ಧ್ವನಿ ಹಾಗೇ ಇದೆ,” ಎಂದರು ಮಿಸ್ ಹೆಬ್ಡನ್, ಮೂಗು ಒರೆಸಿಕೊಳ್ಳುತ್ತ.

“ಹೂಂ.”

“ನಿಮ್ಮ ಹೆಸರು?”

ಪೆಂಬಲ್ಲರಿಗೆ ಒಡಹುಟ್ಟಿದವರು ಯಾರೂ ಇರಲಿಲ್ಲ. ಅವರು ಕಿಟಕಿಯ ಕಡೆ ನೋಡಿದರು. ಪಕ್ಕದ ಮನೆಯ ಬೆಕ್ಕು ಗೋಡೆಯ ಮೇಲೆ ಕೂತು ಇವರನ್ನೇ ನೋಡುತ್ತಿತ್ತು. “ಹೊರೇಸ್,” ಎಂದರು. ಅದು ಬೆಕ್ಕಿನ ಹೆಸರು. ಅಣ್ಣನಿಗೆ ಹೆಂಡತಿ ಮಕ್ಕಳು ಎಂದು ಆಕೆ ಕೇಳಿದಾಗ ಪೆಂಬಲ್ಲರು ಬೆವತುಹೋಗಿ, ಇಲ್ಲ, ಮದುವೆಯೇ ಆಗಿರಲಿಲ್ಲ ಎಂದುಬಿಟ್ಟರು.

ಫೋನು ಇಟ್ಟು ತಿರುಗಿದರೆ ಹೆಂಡತಿ ಬೆರಿಲ್ ಟೀ ಕೆಟಲ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಸತ್ತಿದ್ದೀಯ ಅಂದ್ರೆ ಒಪ್ಕೊಂಡ್ಯಾ?”

“ಆಯಮ್ಮ ಅಳ್ತಿದ್ಲು, ಬೆರಿಲ್.”

“ನಂದೂ ನಿಂದೂ ಮದುವೇನೇ ಆಗಿಲ್ವಂತೆ. ಇನ್ನೊಂದು ಸ್ವಲ್ಪ ಅತ್ತಿದ್ರೆ ನಾನು ಹುಟ್ಟೇ ಇಲ್ಲ ಅಂತಿದ್ದೆ ನೀನು.”

ಬೆರಿಲ್ ಪೇಪರು ಹುಡುಕಿ ತೆಗೆದಳು. ಲೀಡ್ಸಿನಲ್ಲಿ ರೇಸಿನ ಪಾರಿವಾಳ ಸಾಕುತ್ತಿದ್ದ ಇನ್ನೊಬ್ಬ ಕ್ಲಿಫರ್ಡ್ ಪೆಂಬಲ್ ತೀರಿಕೊಂಡಿದ್ದ. ಮಧ್ಯಾಹ್ನ ಟೀ ಕುಡಿದಾದ ಮೇಲೆ ಫೋನು ಮಾಡಿ ಎಲ್ಲ ಸರಿಪಡಿಸುತ್ತೇನೆ ಎಂದರು ಪೆಂಬಲ್ಲರು. ಅವರು ಪ್ರಾಮಾಣಿಕವಾಗಿಯೇ ಹಾಗೆ ಅಂದುಕೊಂಡಿದ್ದರು ಎಂಬುದನ್ನು ನಾನು ಒತ್ತಿ ಹೇಳಬೇಕು, ಯಾಕೆಂದರೆ ಮುಂದೆ ಯಾರೂ ಅದನ್ನು ನಂಬುವುದಿಲ್ಲ.

ಪೆಂಬಲ್ಲರ ನಟನೆಯ ವಿಷಯ ಇಲ್ಲಿ ಹೇಳಿಬಿಡುತ್ತೇನೆ. ಎಪ್ಪತ್ತರ ದಶಕದಲ್ಲಿ ಇಡೀ ದೇಶ ನೋಡಿ ನಕ್ಕ ‘ಊಟ-ವಸತಿ ಸೇರಿ’ಯಲ್ಲಿ ಸಮುದ್ರತೀರದ ಒಂದು ವಸತಿಗೃಹ, ಅದರ ಗಯ್ಯಾಳಿ ಒಡತಿ, ಹೊತ್ತು ಹೊತ್ತಿಗೆ ಜಗಳವಾಡುವ ಬಾಡಿಗೆದಾರರು. ಪ್ರತಿ ಕಂತಿನಲ್ಲೂ ಜಗಳ ತಾರಕಕ್ಕೇರಿ ಯಾರೋ ಯಾರ ಮೇಲೋ ಸಾರಿನ ಬೋಗುಣಿ ಎತ್ತಿ ಹಿಡಿದಿರುವಾಗ ಬಾಗಿಲು ತೆರೆಯುತ್ತಿತ್ತು. ಗ್ಯಾಸ್ ಮೀಟರ್ ನೋಡುವವನು ಟೋಪಿ ಕೈಯಲ್ಲಿ ಹಿಡಿದು ಒಳಗೆ ಇಣುಕುತ್ತಿದ್ದ. ಎಲ್ಲರನ್ನೂ ಒಮ್ಮೆ ನೋಡುತ್ತಿದ್ದ. “ನಾನು ಆಮೇಲೆ ಬರ್ತೀನಿ,” ಎನ್ನುತ್ತಿದ್ದ. ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಪೆಂಬಲ್ಲರ ಪಾತ್ರ ಅಷ್ಟೇ. ಧಾರಾವಾಹಿ ನಿಂತ ಮೇಲೆ ಅವರು ಮೂವತ್ತು ವರ್ಷ ಕಾರ್ಪೆಟ್ ಅಂಗಡಿಯಲ್ಲಿ ಕೆಲಸ ಮಾಡಿದರು.

ಬೆರಿಲ್ ಮಾತ್ರ ಆ ಮಾತಿಗೆ ಒಮ್ಮೆಯೂ ನಕ್ಕವಳಲ್ಲ. ಎಲ್ಲ ಕಂತುಗಳನ್ನೂ ನೋಡಿದ್ದಳು, ಹೊಲಿಗೆ ಹಾಕುತ್ತ. ಅದರಲ್ಲಿ ನಗುವುದು ಏನಿದೆ, ನೀನು ಮನೆಯಲ್ಲೂ ಹಾಗೇ ಬಂದು ಹಾಗೇ ಹೋಗುತ್ತೀಯ ಎನ್ನುತ್ತಿದ್ದಳು.

ಬೀದಿಯವರ ಕಥೆಯೂ ಬೇರೆಯಲ್ಲ. ತಾನೊಬ್ಬ ನಟ ಎಂದು ಪೆಂಬಲ್ಲರು ಸಿಕ್ಕಿದವರಿಗೆಲ್ಲ ಹೇಳಿದ್ದರು. ಮಾಂಸದ ಅಂಗಡಿಯವನಿಗೆ, ಪೋಸ್ಟಿನವನಿಗೆ, ಹಲ್ಲಿನ ಡಾಕ್ಟರಿಗೆ. ಎಲ್ಲರೂ ಹೌದಾ, ಭಾರಿ ಸಂತೋಷ ಎಂದು ಹವಾಮಾನದ ವಿಷಯ ತೆಗೆಯುತ್ತಿದ್ದರು. ಅವರು ನಂಬಿಲ್ಲ ಎಂಬುದು ಪೆಂಬಲ್ಲರಿಗೆ ಗೊತ್ತಿತ್ತು. ಸಾಯುವ ಮೊದಲು ಒಂದೇ ಒಂದು ಸಲ ಈ ಊರು ‘ಅವನು ಇವನೇ’ ಎಂದು ಬೆರಳು ತೋರಿಸಿದರೆ ಸಾಕು ಎಂಬುದೊಂದೇ ಅವರ ಆಸೆ. ಎಪ್ಪತ್ತೆರಡರ ವಯಸ್ಸಿಗೆ ಅದೇನೂ ದೊಡ್ಡ ಆಸೆಯಲ್ಲ.

ಆ ಮಧ್ಯಾಹ್ನ ಊರಿನ ರೇಡಿಯೋ ಕ್ಲಿಫರ್ಡ್ ಪೆಂಬಲ್ ಎಂಬ ಮಹಾನ್ ಹಾಸ್ಯನಟನ ಗುಣಗಾನ ಮಾಡಿತು. ಮಿಸ್ ಹೆಬ್ಡನ್ ಸುಮ್ಮನೆ ಕೂತಿರಲಿಲ್ಲ. ಒಂದೇ ವಾಕ್ಯದಲ್ಲಿ ಬದುಕಿನ ಸಾರವನ್ನೆಲ್ಲ ಹೇಳಿದ ಕಲಾವಿದ ಎಂದು ಯಾರೋ ಪ್ರೊಫೆಸರು ಹೊಗಳಿದರು. ಪೆಂಬಲ್ಲರು ಕುರ್ಚಿಯ ತುದಿಯಲ್ಲಿ ಕೂತು ಕೇಳಿದರು. ಟೀ ಆರಿಹೋಯಿತು. ಫೋನು ಮಾಡುವುದನ್ನು ನಾಳೆಗೆ ಇಟ್ಟುಕೊಂಡರು.

ಸಂಜೆಯ ಹೊತ್ತಿಗೆ ಪಕ್ಕದ ಮನೆಯ ಮಿಸೆಸ್ ಥ್ರಸೆಲ್ ಆಲೂಗಡ್ಡೆ ಹೊದಿಸಿದ ಮೀನಿನ ಪೈ ಹಿಡಿದುಕೊಂಡು ಬೆರಿಲ್‌ಗೆ ಸಾಂತ್ವನ ಹೇಳಲು ಬಂದರು. ಬಾಗಿಲು ತೆಗೆದದ್ದು ಪೆಂಬಲ್ಲರೇ. ಮಿಸೆಸ್ ಥ್ರಸೆಲ್ ಅವರನ್ನು ನೋಡಿದರು, ಪೈಯನ್ನು ನೋಡಿದರು. ಅವರ ಮುಖದಲ್ಲಿ ಮೊದಲು ಕಂಡದ್ದು ಪೈ ದಂಡವಾಯಿತಲ್ಲ ಎಂಬ ಬೇಸರ.

ಪೆಂಬಲ್ಲರು ಎದೆ ಉಬ್ಬಿಸಿಕೊಂಡು, ರೇಡಿಯೋ ಕೇಳಿದಿರಾ, ನಾನು ಹೇಳುತ್ತಿರಲಿಲ್ಲವೇ ಎಂದರು.

ಮಿಸೆಸ್ ಥ್ರಸೆಲ್ ಸ್ವಲ್ಪ ಹೊತ್ತು ಯೋಚಿಸಿದರು. ಅವರದು ಲೆಕ್ಕಾಚಾರದ ತಲೆ. ರೇಡಿಯೋದವರು ಹೇಳಿದ ನಟ ಪೆಂಬಲ್ ಸತ್ತಿದ್ದಾನೆ. ಎದುರಿಗಿರುವ ಪೆಂಬಲ್ ಸತ್ತಿಲ್ಲ. ಆದ್ದರಿಂದ ಇವನು ಅವನಲ್ಲ.

“ಇಷ್ಟು ವರ್ಷ ಆ ಮನುಷ್ಯನ ಹೆಸರು ಹೇಳ್ಕೊಂಡು ಓಡಾಡಿದ್ರಲ್ಲ ಮಿಸ್ಟರ್ ಪೆಂಬಲ್,” ಎಂದರು ಮೆತ್ತಗೆ, ಜ್ವರ ಬಂದವರ ಹತ್ತಿರ ಮಾತಾಡುವ ಹಾಗೆ. “ನಾವ್ಯಾರೂ ಏನೂ ಅಂದ್ಕೊಂಡಿಲ್ಲ. ನನ್ನ ಅತ್ತೇನೂ ಕೊನೇಲಿ ತಾನು ರಾಣಿಯವರ ಸೋದರತ್ತೆ ಅಂತಿದ್ರು. ಈಗ ಅವರು ಹೋದ್ರಲ್ಲ, ಇನ್ಮೇಲಾದ್ರೂ ಬಿಟ್ಟುಬಿಡಿ.”

ಪೈಯನ್ನು ಮಾತ್ರ ಕೊಟ್ಟು ಹೋದರು. ಮರುದಿನ ಮಾಂಸದ ಅಂಗಡಿಯವನೂ ಅದೇ ಮೆತ್ತನೆಯ ದನಿಯಲ್ಲಿ ಮಾತಾಡಿಸಿ ಎರಡು ಸಾಸೇಜು ಜಾಸ್ತಿ ಹಾಕಿದ. ಪೆಂಬಲ್ಲರ ಪರಿಸ್ಥಿತಿ ಈಗ ಹೀಗಿತ್ತು: ಬದುಕಿದ್ದರೆ ಅವರು ನಟರಲ್ಲ. ನಟರಾಗಬೇಕಾದರೆ ಬದುಕಿರುವ ಹಾಗಿಲ್ಲ.

ಆದರೂ ಅವರು ಫೋನು ಮಾಡಿ ಹೇಳಿಬಿಡುತ್ತಿದ್ದರೋ ಏನೋ. ಅಷ್ಟರಲ್ಲಿ ಬೆಂಚಿನ ಸುದ್ದಿ ಬಂತು.

ಸಮುದ್ರದ ಎದುರಿನ ನಡಿಗೆ ದಾರಿಯಲ್ಲಿ ನಮ್ಮೂರಿನವರು ಸತ್ತವರ ನೆನಪಿಗೆ ಮರದ ಬೆಂಚು ಹಾಕಿಸುತ್ತಾರೆ. ಬೆನ್ನಿಗೆ ಒಂದು ಹಿತ್ತಾಳೆ ಪಟ್ಟಿ, ಅದರ ಮೇಲೆ ಹೆಸರು. ಬದುಕಿದ್ದಾಗ ಎಂದೂ ಸಮುದ್ರದ ಕಡೆ ತಲೆ ಹಾಕದವರೂ ಸತ್ತ ಮೇಲೆ ಅಲ್ಲಿ ಗಾಳಿಗೆ ಮುಖವೊಡ್ಡಿ ಕೂರುತ್ತಾರೆ. ಸ್ಕೆಲ್ಬಿಯಲ್ಲಿ ದೊಡ್ಡ ಮನುಷ್ಯನಾಗುವುದೆಂದರೆ ಬೆಂಚಾಗುವುದು. ಸಂಘದವರು ಚಂದಾ ಎತ್ತಿ ಪೆಂಬಲ್ಲರ ಹೆಸರಿನಲ್ಲಿ ಬೆಂಚು ಹಾಕಿಸಲು ನಿರ್ಧರಿಸಿದ್ದರು.

ಮನೆಯವರ ಒಪ್ಪಿಗೆ ಕೇಳಲು ಪುರಸಭೆಯಿಂದ ಮಿಸ್ಟರ್ ಆಲ್ಡರ್ಸನ್ ಎಂಬ ಅಧಿಕಾರಿ ಬಂದ. ಬೆಂಚುಗಳ ಉಸ್ತುವಾರಿ ಅವನದೇ. ಬೆಂಚಿನ ಮೇಲೆ ಕೂತು ಚಿಪ್ಸ್ ತಿನ್ನುವವರ ಮೇಲೆ ಅವನಿಗೆ ಮೊದಲಿನಿಂದಲೂ ಸಿಟ್ಟು. ಬಿಸ್ಕತ್ತನ್ನು ಟೀಯಲ್ಲಿ ಅದ್ದಿಕೊಂಡು, ಜಾಗ ಕಡಿಮೆ, ಕಾಯುತ್ತಿರುವವರು ಬಹಳ, ಆದರೆ ನಿಮ್ಮ ಅಣ್ಣನಂಥ ಕಲಾವಿದರಿಗೆ ವಿಶೇಷವಾಗಿ ಕೊಡುತ್ತಿದ್ದೇವೆ ಎಂದ.

ಪೆಂಬಲ್ಲರು ಧೈರ್ಯ ತಂದುಕೊಂಡರು. ಒಂದು ಮಾತಿಗೆ ಕೇಳುತ್ತೇನೆ, ಅಣ್ಣ ಅಕಸ್ಮಾತ್ ಬದುಕಿದ್ದಿದ್ದರೆ ಎಂದರು.

ಅಧಿಕಾರಿಯ ಬಿಸ್ಕತ್ತು ಕಪ್ಪಿನೊಳಗೆ ಮುರಿದು ಬಿತ್ತು. “ಬದುಕಿದ್ದವರಿಗೆ ಬೆಂಚು ಕೊಡೋ ಪದ್ಧತಿ ಇಲ್ಲ ಸರ್. ಹಾಗೇನಾದ್ರೂ ಆದ್ರೆ ಸರದೀಲಿ ಮುಂದಿರೋರಿಗೆ ಹೋಗುತ್ತೆ.”

“ಮುಂದೆ ಯಾರಿದ್ದಾರೆ?”

“ಡಂಕನ್. ಬ್ರೂಮ್‌ಹೆಡ್ ಅವರ ಮನೆ ನಾಯಿ. ಗಿಡ್ಡ ಕಾಲಿನ ಜಾತಿ. ಎರಡು ವರ್ಷದಿಂದ ಕಾಯ್ತಿದೆ ಪಾಪ.” ಅವನು ದನಿ ತಗ್ಗಿಸಿದ. “ಬದುಕಿದ್ದೂ ಸರದಿ ತಪ್ಪಿಸಿ ಮುಂದೆ ನುಗ್ಗಿದ ಅಂತ ಗೊತ್ತಾದ್ರೆ ಜನ ಏನಂತಾರೆ ಹೇಳಿ. ಆಮೇಲೆ ಈ ಊರಲ್ಲಿ ತಲೆ ಎತ್ಕೊಂಡು ಓಡಾಡೋಕೆ ಆಗುತ್ತಾ?”

ಸುಳ್ಳು ಹೇಳಿದ ಎಂದರೆ ಸಹಿಸಬಹುದು, ಸರದಿ ತಪ್ಪಿಸಿದ ಎಂದರೆ ಅದು ಮೊಮ್ಮಕ್ಕಳ ಕಾಲಕ್ಕೂ ಉಳಿಯುವ ಕಳಂಕ. ಪೆಂಬಲ್ಲರು ಇನ್ನೊಂದು ಬಿಸ್ಕತ್ತು ತೆಗೆದುಕೊಳ್ಳಿ ಎಂದರು. ಬೆರಿಲ್ ಅಡಿಗೆಮನೆಯಿಂದ ಎಲ್ಲ ಕೇಳಿಸಿಕೊಂಡಳು.

ಅನಾವರಣದ ದಿನ ಸಮುದ್ರದ ಗಾಳಿ ಟೋಪಿಗಳನ್ನೆಲ್ಲ ಹಾರಿಸಿಕೊಂಡು ಹೋಗುತ್ತಿತ್ತು. ಸಂಘದವರು ಟೀ ಡ್ರಮ್ಮು, ಸಾಸೇಜ್ ರೋಲು ತಂದಿದ್ದರು. ಮಿಸೆಸ್ ಥ್ರಸೆಲ್ ಬಂದಿದ್ದರು. ಒಂದು ಪಕ್ಕದಲ್ಲಿ ಬ್ರೂಮ್‌ಹೆಡ್ ದಂಪತಿ ಸತ್ತ ಡಂಕನ್ನನ ಕೊರಳಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು, ಏನಾದರೂ ಎಡವಟ್ಟಾದರೆ ಇರಲಿ ಎಂದು. ಎಲ್ಲಕ್ಕಿಂತ ಮುಖ್ಯವಾಗಿ, ಗಾಲಿಕುರ್ಚಿಯಲ್ಲಿ ಕಂಬಳಿ ಹೊದ್ದುಕೊಂಡು ರೋಸಲಿಂಡ್ ವೇರ್ ಬಂದಿದ್ದರು. ವಸತಿಗೃಹದ ಆ ಗಯ್ಯಾಳಿ ಒಡತಿ. ‘ಊಟ-ವಸತಿ ಸೇರಿ’ಯಲ್ಲಿ ನಟಿಸಿದವರಲ್ಲಿ ಇನ್ನೂ ಉಳಿದಿರುವ ಏಕೈಕ ಕಲಾವಿದೆ ಎಂದು ಮಿಸ್ ಹೆಬ್ಡನ್ ಮೈಕಿನಲ್ಲಿ ಹೇಳಿದರು.

ಬೆರಿಲ್ ಬಿಟ್ಟರೆ ಭೂಮಿಯ ಮೇಲೆ ಪೆಂಬಲ್ಲರನ್ನು ಗುರುತಿಸಬಹುದಾದ ವ್ಯಕ್ತಿ ರೋಸಲಿಂಡ್ ಒಬ್ಬರೇ. ಗುರುತಿಸಿದರೆ ಬೆಂಚು ಹೋಯಿತು. ಗುರುತಿಸದಿದ್ದರೆ ಎಲ್ಲವೂ ಹೋಯಿತು. ಎರಡರಲ್ಲಿ ಯಾವುದಾಗಲಿ ಎಂದು ಬೇಡಿಕೊಳ್ಳಬೇಕೆಂದು ತಿಳಿಯದೆ ಪೆಂಬಲ್ಲರು ಸಾಸೇಜ್ ರೋಲನ್ನು ಕೈಯಲ್ಲಿ ಹಿಸುಕುತ್ತ ನಿಂತರು.

ಹೊದಿಕೆ ಸರಿಯಿತು. ಹಿತ್ತಾಳೆ ಪಟ್ಟಿಯ ಮೇಲೆ ‘ಕ್ಲಿಫರ್ಡ್ ಪೆಂಬಲ್. ನಮ್ಮನ್ನು ನಗಿಸಿದವರು’ ಎಂದಿತ್ತು. ತಮ್ಮ ಹೆಸರನ್ನು ಹಿತ್ತಾಳೆಯಲ್ಲಿ ನೋಡಿ ಪೆಂಬಲ್ಲರ ಕಣ್ಣು ತುಂಬಿ ಬಂತು. ಸಂಘದ ಸದಸ್ಯರು ಒಬ್ಬೊಬ್ಬರಾಗಿ ಮುಂದೆ ಬಂದು ಟೋಪಿ ಹಿಡಿದು “ನಾನು ಆಮೇಲೆ ಬರ್ತೀನಿ” ಎಂದು ಮಾಡಿ ತೋರಿಸಿದರು. ಜನ ನಕ್ಕರು. ಕೊನೆಗೆ ಅವರ ತಮ್ಮ ಹೊರೇಸರೂ ಮಾಡಿ ತೋರಿಸಲಿ ಎಂದು ಮಿಸ್ ಹೆಬ್ಡನ್ ಒತ್ತಾಯಿಸಿದರು.

ಪೆಂಬಲ್ಲರು ಮುಂದೆ ಬಂದರು. ಆ ಕ್ಷಣದಲ್ಲಿ ಅವರು ತೀರ್ಮಾನಿಸಿಬಿಟ್ಟಿದ್ದರು. ಬೆಂಚು ನಾಯಿಗೇ ಹೋಗಲಿ. ಒಂದು ಸಲ ಮಾಡಿ ತೋರಿಸಿದರೆ ಸಾಕು, ಮೂಲ ಯಾವುದು ನಕಲು ಯಾವುದು ಎಂದು ಯಾರಿಗಾದರೂ ಗೊತ್ತಾಗದೆ ಇರುತ್ತದೆಯೇ? ಟೋಪಿ ತೆಗೆದರು. ಎಲ್ಲರನ್ನೂ ಒಮ್ಮೆ ನೋಡಿದರು, ಆಗ ನೋಡುತ್ತಿದ್ದ ಹಾಗೆಯೇ. “ನಾನು ಆಮೇಲೆ ಬರ್ತೀನಿ.”

ಗಾಳಿ ಬೀಸಿತು. ಯಾರೋ ಕೆಮ್ಮಿದರು. ಆಮೇಲೆ ಎಲ್ಲರೂ ಸೌಜನ್ಯದಿಂದ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಒಬ್ಬ, ಕಲೆ ಎಂಬುದು ಮನೆಯವರಿಗೆಲ್ಲ ಬರುವುದಿಲ್ಲ ಬಿಡಿ ಎಂದದ್ದು ಸ್ಪಷ್ಟವಾಗಿ ಕೇಳಿಸಿತು.

ಪೆಂಬಲ್ಲರು ಹಿಂದಕ್ಕೆ ಸರಿದಾಗ ಗಾಲಿಕುರ್ಚಿಯಿಂದ ಒಂದು ಕೈ ಚಾಚಿ ಅವರ ತೋಳು ಹಿಡಿಯಿತು. ರೋಸಲಿಂಡ್ ಅವರ ಮುಖವನ್ನೇ ನೋಡುತ್ತಿದ್ದರು.

“ಹತ್ತಿರ ಬಾಪ್ಪ. ನಿಮ್ಮಣ್ಣನಿಗೆ ಹೇಳ್ಬೇಕಿದ್ದ ಒಂದು ಮಾತಿತ್ತು. ಅವನು ಬಾಗಿಲು ತೆಗೆದು ನಿಂತ್ರೆ ಸಾಕು, ನಂಗೆ ನಗು ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ. ಕ್ಯಾಮೆರಾ ಮುಂದೆ ನಗಬಾರ್ದು ಅಂತ ತೊಡೆ ಚಿವುಟ್ಕೊಂಡು ನಿಂತಿರ್ತಿದ್ದೆ. ಪ್ರತಿ ಶನಿವಾರ ತೊಡೆ ಮೇಲೆ ನೀಲಿ ಗುರುತು. ನಮ್ಮೆಲ್ಲರಿಗಿಂತ ಚೆನ್ನಾಗಿ ಮಾಡ್ತಿದ್ದೋನು ಅವನೇ. ಹೇಳಿದ್ರೆ ಜಂಬ ಬಂದೀತು ಅಂತ ಹೇಳ್ಲಿಲ್ಲ. ಈಗ ಯಾರಿಗೆ ಹೇಳ್ಲಿ?”

ಪೆಂಬಲ್ಲರಿಗೆ ತಡೆಯಲಾಗಲಿಲ್ಲ. ಗಾಲಿಕುರ್ಚಿಯ ಪಕ್ಕ ಮಂಡಿಯೂರಿ ಕೂತರು. “ರೋಸಲಿಂಡ್, ನಾನೇ. ನಾನೇ ಕ್ಲಿಫರ್ಡ್. ನಂಗೇ ಹೇಳಿ.”

ರೋಸಲಿಂಡ್ ಅವರ ತಲೆ ಸವರಿದರು. ದುಃಖದಲ್ಲಿ ಹೀಗೆಲ್ಲ ಆಗುತ್ತದೆ, ತನ್ನ ಅಕ್ಕ ಹೋದಾಗ ತಾನೂ ಅವಳ ಟೋಪಿ ಹಾಕಿಕೊಂಡು ಅವಳ ಹೆಸರು ಹೇಳಿಕೊಂಡು ಬೇಕರಿಗೆ ಹೋಗುತ್ತಿದ್ದೆ ಎಂದು ಸಮಾಧಾನ ಮಾಡಿದರು.

ಪೆಂಬಲ್ಲರು ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ, ನಾನು ಸತ್ತಿಲ್ಲ, ನನಗೆ ತಮ್ಮನೇ ಇಲ್ಲ, ಸತ್ತವನು ಪಾರಿವಾಳದ ಪೆಂಬಲ್ ಎಂದರು. ಮಿಸ್ ಹೆಬ್ಡನ್ ಮತ್ತೆ ಅಳತೊಡಗಿದರು. ಬೆಂಚಿನ ಅಧಿಕಾರಿ ಮುಖ ಗಂಟಿಕ್ಕಿಕೊಂಡ. ಬ್ರೂಮ್‌ಹೆಡ್ ದಂಪತಿ ಕೊರಳಪಟ್ಟಿ ಹಿಡಿದು ಒಂದು ಹೆಜ್ಜೆ ಮುಂದೆ ಬಂದರು. ಆಗ ಮಿಸೆಸ್ ಥ್ರಸೆಲ್ ಗುಂಪು ಸರಿಸಿಕೊಂಡು ಬಂದು ಪೆಂಬಲ್ಲರ ಭುಜದ ಮೇಲೆ ಕೈಯಿಟ್ಟರು.

“ಯಾರೂ ತಪ್ಪು ತಿಳ್ಕೋಬೇಡಿ. ನಾನು ಇವರ ಪಕ್ಕದ ಮನೆಯೋಳು. ಇವರು ಮೂವತ್ತು ವರ್ಷದಿಂದ ಹೀಗೇ ಹೇಳ್ತಿದ್ದಾರೆ.” ಆಗಲೇ ಹೊರೇಸ್ ಎಂಬ ತಮ್ಮ ಬೆಕ್ಕಿನ ಹೆಸರು ಕೇಳಿ ಅವರ ಹುಬ್ಬು ಒಮ್ಮೆ ಮೇಲೇರಿತ್ತು. ಆದರೆ ಬೆಕ್ಕಿನ ಹೆಸರಿನವರು ಊರಲ್ಲಿ ಬೇರೆಯವರೂ ಇರಬಾರದೆಂದಿಲ್ಲ ಎಂದು ಅದು ಕೆಳಗಿಳಿದಿತ್ತು.

ಗುಂಪಿನಲ್ಲಿ ಪಾಪ, ಪಾಪ ಎಂಬ ಗುಸುಗುಸು ಎದ್ದಿತು. ಪೆಂಬಲ್ಲರು ಬೆರಿಲ್ ಕಡೆ ತಿರುಗಿದರು. ಎಲ್ಲರೂ ತಿರುಗಿದರು. ಉಂಗುರ ತೊಡಿಸಿಕೊಂಡು ನಲವತ್ತೈದು ವರ್ಷ ಸಂಸಾರ ಮಾಡಿದ ಹೆಂಡತಿ, ಅವಳೊಂದು ಮಾತು ಹೇಳಿದರೆ ಮುಗಿಯಿತು. “ಹೇಳು ಬೆರಿಲ್,” ಎಂದರು ಪೆಂಬಲ್ಲರು. “ನಾನು ಯಾರು ಅಂತ ಹೇಳು.”

ಬೆರಿಲ್ ಅಳುತ್ತಿದ್ದ ಮಿಸ್ ಹೆಬ್ಡನ್ನರನ್ನು ನೋಡಿದಳು. ನಾಯಿಯ ಕೊರಳಪಟ್ಟಿಯನ್ನು ನೋಡಿದಳು. ಹಿತ್ತಾಳೆ ಪಟ್ಟಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಗಂಡನ ಕೋಟಿನ ಗುಂಡಿ ಹಾಕಿದಳು.

“ಚಳಿ ಜಾಸ್ತಿ ಆಯ್ತು,” ಎಂದಳು. “ಮನೆಗೆ ಹೋಗೋಣ ಬಾ, ಹೊರೇಸ್.”

ಬಸ್ಸು ಮನೆ ಹತ್ತಿರ ಬಂದಾಗ ಬೆರಿಲ್ ಹೇಳಿದಳು. “ನಿನ್ನ ಜನ್ಮದಲ್ಲಿ ಮೊದಲ್ನೇ ಸಲ ನಿನ್ನ ಹೆಸರು ಹಾಕಿರೋದು ಒಂದು ಸಿಕ್ತು. ಅದನ್ನ ಗಿಡ್ಡ ಕಾಲಿನ ನಾಯಿಗೆ ಬಿಟ್ಟುಕೊಡ್ಬೇಕಿತ್ತಾ? ನನ್ನ ಕೈಲಿ ಆಗ್ಲಿಲ್ಲ ಕಣೋ.” ಪೆಂಬಲ್ಲರಿಗೆ ಅಳಬೇಕೋ ಅವಳ ಕೈ ಹಿಡಿಯಬೇಕೋ ತಿಳಿಯಲಿಲ್ಲ. ಇಳಿಯುವ ಸ್ಟಾಪ್ ತಪ್ಪಿಹೋಯಿತು.

ಚಳಿಗಾಲ ಕಳೆಯುವ ಮುಂಚೆ ರೋಸಲಿಂಡ್ ವೇರ್ ತೀರಿಕೊಂಡರು. ಅವರೊಂದಿಗೆ ‘ಊಟ-ವಸತಿ ಸೇರಿ’ಯ ಕೊನೆಯ ಕೊಂಡಿಯೂ ಕಳಚಿತು, ಅದರಲ್ಲಿ ನಟಿಸಿದ ಯಾರೂ ಈಗ ಉಳಿದಿಲ್ಲ ಎಂದು ರೇಡಿಯೋದವರು ಹೇಳಿದರು. ಪೆಂಬಲ್ಲರು ಎದ್ದು ಹೋಗಿ ರೇಡಿಯೋ ಆರಿಸಿದರು. ನಿಜದಲ್ಲಿ ಈಗ ಉಳಿದವರು ಅವರೊಬ್ಬರೇ. ಹೇಳಿಕೊಂಡರೆ ಸಾಕ್ಷಿಗೆ ಬರುವವರು ಇಲ್ಲ. ಒಂದು ಇಡೀ ಮನೆಯ ಜಗಳ, ಸಾರಿನ ಬೋಗುಣಿ, ತೊಡೆ ಚಿವುಟಿಕೊಂಡು ನಿಂತ ಹೆಂಗಸು ಎಲ್ಲವೂ ಹೋಗಿ ಬಾಗಿಲಲ್ಲಿ ಮೀಟರ್ ನೋಡುವವನು ಮಾತ್ರ ಉಳಿದುಕೊಂಡಿದ್ದ.

ಪೆಂಬಲ್ಲರು ದಿನವೂ ಬೆಂಚಿಗೆ ಹೋಗತೊಡಗಿದರು. ಒರೆಸುವ ಬಟ್ಟೆ ಒಯ್ದು ಹಿತ್ತಾಳೆಯನ್ನು ಉಜ್ಜಿ, ತಮ್ಮ ಹೆಸರಿಗೆ ಬೆನ್ನು ಆನಿಸಿ ಕೂರುತ್ತಿದ್ದರು. ಬಿಸಿಲಿದ್ದರೆ ಬೆರಿಲ್ಲೂ ಟೀ ಫ್ಲಾಸ್ಕು ಹಿಡಿದು ಬರುತ್ತಿದ್ದಳು. ತೀರಿಹೋದ ಅಣ್ಣನನ್ನು ಮರೆಯಲಾರದ ಮುದುಕ ಎಂದು ಜನ ಅವರಿಗೆ ದಾರಿ ಬಿಟ್ಟು ನಡೆಯುತ್ತಿದ್ದರು. ಕೆಲವರು ಟೋಪಿ ತೆಗೆಯುತ್ತಿದ್ದರು.

ಹಾಗೆ ಒಂದು ದಿನ ಇಬ್ಬರೂ ಕೂತಿರುವಾಗ ಬೇರೆ ಊರಿನ ಗಂಡಹೆಂಡತಿ ಬಂದರು. ಪಟ್ಟಿ ಓದಿ ಅವರ ಮುಖ ಅರಳಿತು. ನಮ್ಮಪ್ಪನಿಗೆ ಈ ಮನುಷ್ಯ ಅಂದರೆ ಪ್ರಾಣ ಎಂದ ಗಂಡ. ಒಂದು ಫೋಟೋ ತೆಗೆದುಕೊಂಡು ಹೋಗಿ ತೋರಿಸಬೇಕು ಎಂದಳು ಹೆಂಡತಿ. ಪೆಂಬಲ್ಲರು ಅವರನ್ನೇ ನೋಡಿದರು. ನಲವತ್ತು ವರ್ಷದ ಆಸೆ ಮತ್ತೊಮ್ಮೆ ತಲೆ ಎತ್ತಿತು. ಕಾಲರ್ ಸರಿಮಾಡಿಕೊಂಡರು, ಬೆನ್ನು ನೆಟ್ಟಗೆ ಮಾಡಿದರು, ಮುಖವನ್ನು ಕ್ಯಾಮೆರಾದ ಕಡೆ ತಿರುಗಿಸಿದರು.

“ತಪ್ಪು ತಿಳ್ಕೋಬೇಡಿ ತಾತ,” ಎಂದ ಗಂಡ, ಬಹಳ ಸಂಕೋಚದಿಂದ. “ಒಂಚೂರು ಎದ್ದು ಆ ಕಡೆ ಹೋಗ್ತೀರಾ? ಹೆಸರು ಕಾಣ್ತಿಲ್ಲ.”

ಪೆಂಬಲ್ಲರು ಎದ್ದರು. ಟೋಪಿ ಕೈಗೆ ತೆಗೆದುಕೊಂಡರು. ಗಂಡನನ್ನು, ಹೆಂಡತಿಯನ್ನು, ಬೆಂಚನ್ನು ಒಮ್ಮೆ ನೋಡಿದರು.

“ನಾನು ಆಮೇಲೆ ಬರ್ತೀನಿ,” ಎಂದರು.

ಅವರಿಬ್ಬರೂ ತಲೆ ಎತ್ತಿ ನೋಡಲೂ ಇಲ್ಲ. ಆದರೆ ಬೆಂಚಿನ ಆ ತುದಿಯಲ್ಲಿದ್ದ ಬೆರಿಲ್ ಫಕ್ಕನೆ ನಕ್ಕಳು. ನಕ್ಕು ನಕ್ಕು ಫ್ಲಾಸ್ಕಿನ ಟೀಯನ್ನೆಲ್ಲ ಕೋಟಿನ ಮೇಲೆ ಚೆಲ್ಲಿಕೊಂಡಳು, ಕಣ್ಣಲ್ಲಿ ನೀರು ಬಂತು, ಸಾಕು ಮಾಡೋ, ಪಕ್ಕೆ ನೋಯುತ್ತಿದೆ ಎಂದಳು. ಈ ಸಲ ತಾನು ನಟನೆ ಮಾಡಿರಲಿಲ್ಲ ಎಂದು ಅವಳಿಗೆ ಹೇಳಲು ಪೆಂಬಲ್ಲರಿಗೆ ಮನಸ್ಸಾಗಲಿಲ್ಲ.